ಬಸುರಿಯರಿಗೆ ಫ್ಲೂ ಲಸಿಕೆ ಬೇಕೇ?

“ಶೀತ ತಾನೇ, ಕಷಾಯ ಕುಡಿದ್ರೆ ಹೋಗುತ್ತೆ” ಎಂಬ ಮಾತು ಮನೆಮನೆಯಲ್ಲೂ ಇದೆ. ಆದರೆ ಫ್ಲೂ ಬರೀ ನೆಗಡಿಯಲ್ಲ. ಹೊಟ್ಟೆ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆ, ಹೃದಯಕ್ಕೆ ಕೆಲಸ ಹೆಚ್ಚು. ಹಾಗಾಗಿ ಬಸುರಿಯರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಜಾಸ್ತಿ.

ತೋಳಿಗೆ ಚುಚ್ಚುವ 0.5 ಮಿ.ಲೀ. ಲಸಿಕೆಯಲ್ಲಿರುವುದು ಸತ್ತ ವೈರಸ್ಸಿನ ತುಣುಕುಗಳು. ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ಎಷ್ಟನೇ ತಿಂಗಳಾದರೂ ಹಾಕಿಸಬಹುದು. ಮೂಗಿಗೆ ಸಿಂಪಡಿಸುವ ಲಸಿಕೆ ಮಾತ್ರ ಬೇಡ, ಅದರಲ್ಲಿ ಜೀವಂತ ವೈರಸ್ ಇರುತ್ತದೆ.

ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲೂ ಚಳಿಗಾಲದ ಕೊನೆಗೂ ಏರುತ್ತದೆ. ಮಳೆ ಹಿಡಿಯುವ ಮುಂಚೆಯೇ ಹಾಕಿಸುವುದು ಜಾಣತನ. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಕೊಡುವಂತಿಲ್ಲ, ತಾಯಿಯಿಂದ ದಾಟಿದ ಪ್ರತಿಕಾಯಗಳೇ (ರೋಗಾಣುಗಳ ವಿರುದ್ಧ ಹೋರಾಡುವ ಪ್ರೋಟೀನುಗಳು) ಅದಕ್ಕೆ ಆಸರೆ. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ತಾಯಿ ಕಾರ್ಡಿನಲ್ಲಿ ಬರೆಯುವ ಟಿಡಿ (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದು ಬೇರೆ, ಇದು ಬೇರೆ. ಹೆಚ್ಚಿನವರು ಇದನ್ನು ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಬೇಕಾಗುತ್ತದೆ. ಮೆಡಿಕಲ್ ಶಾಪಿನಿಂದ ತರುವುದಾದರೆ ಐಸ್ ಪ್ಯಾಕ್ ಕೇಳಿ: 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದ್ದರೆ ಕರಗಿಸಿ ಬಳಸಬಾರದು, ಎಸೆಯಬೇಕು. ಪೆಟ್ಟಿಗೆಯ ಮೇಲೆ ಯಾವ ಸಾಲಿನದೆಂದೂ ನೋಡಿ. ಫ್ಲೂ ವೈರಸ್ಸಿನ ತಳಿಗಳು ಬದಲಾಗುವುದರಿಂದ ಹಳೆಯ ಸಾಲಿನದು ಬೇಡ.

ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಸಾಕು. ಹಿಂದೆ ಫ್ಲೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಜೋರು ಜ್ವರವಿರುವಾಗ ಮುಂದೂಡಿ.