ಮಲಗುವ ಜಾಗ

ಬೆಂಗಳೂರಿನ ವರ್ತೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಶನಿವಾರ ಮಕ್ಕಳ ಆಪ್ತಸಮಾಲೋಚನೆ ಗುಂಪು ನಡೆಸುತ್ತೇನೆ. ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರ ಮಕ್ಕಳು, ಅಪಾರ್ಟ್‌ಮೆಂಟ್ ಸೆಕ್ಯುರಿಟಿಯವರ ನೇಪಾಳಿ ಮಗ, ಬಂಗಾಳದ ಮಾಲ್ದಾದ ಹುಡುಗಿ, ಒಡಿಶಾದ ಹುಡುಗ, ಎಲ್ಲ ಒಂದೇ ಜಮಖಾನದ ಮೇಲೆ.

‘ನಿಮ್ಮ ರಾಜ್ಯದ ಹಬ್ಬದ ಬಗ್ಗೆ ಹೇಳಿ’ ಅಂತ ನಾನು ಕೇಳಲ್ಲ. ಕೇಳಿದರೆ ನಾಲ್ಕು ಸಾಲು ಒಪ್ಪಿಸಿ ಕೂತುಬಿಡ್ತಾರೆ. ಎಷ್ಟೋ ಮಕ್ಕಳು ಆ ಊರು ಸರಿಯಾಗಿ ನೋಡಿಯೂ ಇಲ್ಲ, ಬೆಳೆದಿದ್ದೆಲ್ಲ ಇಲ್ಲಿನ ತಗಡಿನ ಶೆಡ್ಡಿನಲ್ಲೇ.

ಅವತ್ತು ಕೊಟ್ಟ ಕೆಲಸ ಇಷ್ಟೇ: ರಾತ್ರಿ ನೀವು ಮಲಗುವ ಜಾಗದ ಚಿತ್ರ ಬರೀರಿ, ಯಾರ ಪಕ್ಕ ಯಾರು ಅಂತಲೂ ತೋರಿಸಿ.

ಅದಕ್ಕೂ ಮೊದಲು ಎಂದಿನ ಮಾತು ಹೇಳಿದೆ. ಇಲ್ಲಿ ಆಡಿದ್ದನ್ನು ನಾನು ಹೊರಗೆ ಹೇಳಲ್ಲ, ಆದರೆ ಯಾರಾದರೂ ನಿಮಗೆ ಕೆಟ್ಟದ್ದು ಮಾಡ್ತಿದ್ದರೆ ಸುಮ್ನೆ ಇರಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟು ಅಂತ ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಮೊದಲೇ ಹೇಳೋದು ವಾಸಿ. ಬೋರ್ಡಿನ ಮೂಲೆಯಲ್ಲಿ ಸಹಾಯವಾಣಿ ನಂಬರ್ 1098 ಸದಾ ಇರುತ್ತೆ.

ನೇಪಾಳಿ ಹುಡುಗ ಪಾರ್ಕಿಂಗ್ ಪಕ್ಕದ ರೂಮು ಬರೆದ. ಒಂದೇ ಮಂಚ. ಅಪ್ಪನಿಗೆ ರಾತ್ರಿ ಡ್ಯೂಟಿ, ಆಗ ಮಂಚ ಇವನದು. ಬೆಳಿಗ್ಗೆ ಇವನು ಎದ್ದ ಮೇಲೆ ಅಪ್ಪನದು. ‘ಭಾನುವಾರ ಜಗಳ,’ ಅಂತ ನಕ್ಕ.

ಯಾದಗಿರಿ ಹುಡುಗ ಶೆಡ್ಡಿನೊಳಗೆ ಸಾಲಾಗಿ ಚಾಪೆ ಹಾಸಿದ. ಅವ್ವನ ಪಕ್ಕದ ಚಾಪೆಯಲ್ಲಿ ಯಾರೂ ಇಲ್ಲ. ‘ತಂಗೀದ್ರಿ. ಆಕಿ ಊರಾಗ ಮುತ್ಯಾನ ಹತ್ರ ಅದಾಳ’ ಅಂದ. ಹಾಳೆಯ ಹಿಂದೆ ಊರಿನ ಮನೆ, ತೊಗರಿ ಹೊಲ, ಮುತ್ಯಾ, ತಂಗಿ.

ನಾನು ಏನೋ ಕೇಳಬೇಕು ಅನ್ನುವಷ್ಟರಲ್ಲಿ ಮಾಲ್ದಾದ ಹುಡುಗಿ ತನ್ನ ಹಾಳೆ ಅವನ ಕಡೆ ತಳ್ಳಿದಳು. ಅಲ್ಲಿಯವರೆಗೆ ಗುಂಪಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಅವಳ ಅಣ್ಣನೂ ಊರಲ್ಲಿ. ‘ಫೋನ್ ಮಾಡ್ತೀಯಾ?’ ಅಂತ ಕೇಳಿದಳು. ‘ರವಿವಾರ. ಆಕಿ ಮಾತಾಡಂಗಿಲ್ಲ, ಸಿಟ್ಟು.’ ‘ನನ್ನ ಅಣ್ಣನೂ ಸಿಟ್ಟು.’ ಆಮೇಲೆ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಸಿಟ್ಟಿನದೇ ಮಾತು. ಯಾರನ್ನು ಬಿಟ್ಟು ಬರೋದು ಅಂತ ಯಾರು ತೀರ್ಮಾನ ಮಾಡಿದ್ರು, ತಮ್ಮನ್ನು ಯಾಕೆ ಕೇಳಲಿಲ್ಲ. ನಾನು ಪಕ್ಕಕ್ಕೆ ಸರಿದು ಕೂತೆ.

ಒಡಿಶಾದ ಹುಡುಗ ಅವಳ ಮಾತನ್ನು ನನಗೆ ಬಿಡಿಸಿ ಹೇಳಲು ಬಂದ. ತಡೆದೆ. ಒಂದು ಮಗುವಿನ ಮನೆಯ ಸಂಕಟವನ್ನು ಇನ್ನೊಂದು ಮಗುವಿನ ಬಾಯಲ್ಲಿ ಹೇಳಿಸಬಾರದು. ಅವಳ ಹತ್ತಿರ ಬೇರೆಯಾಗಿ ಮಾತಾಡಲು ಬಂಗಾಳಿ ಬಲ್ಲ ಗೆಳತಿಯನ್ನು ಕರೆಸಿದ್ದು ಆಮೇಲೆ.

ಗಂಟೆ ಹೊಡೆದಾಗ ಟೀಚರ್ ಬಂದರು. ‘ಎಷ್ಟ್ ಚೆನ್ನಾಗಿ ಬರ್ದಿದ್ದಾರೆ, ಗೋಡೆಗೆ ಹಾಕೋಣ ಮೇಡಂ’ ಅಂದರು. ಮಕ್ಕಳನ್ನೇ ಕೇಳಿ ಅಂದೆ. ಯಾರೂ ಒಪ್ಪಲಿಲ್ಲ. ಒಬ್ಬ ನೇಪಾಳಿ ಹುಡುಗ ಮಾತ್ರ ಹಾಕಿ ಅಂದ, ಆದರೆ ಪಾರ್ಕಿಂಗ್‌ನಲ್ಲಿ ಇನ್ನೊಂದು ಕಾರು ಬರೆದುಕೊಡ್ತೀನಿ, ಅಲ್ಲಿವರೆಗೂ ಕಾಯಬೇಕಂತೆ.