ಗ್ರೈಂಡರ್ ಟೇಬಲ್ಲಿಗೆ ಗಾಲಿ

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನಮ್ಮದು ಹಳೇ ಮನೆ. ಅಡುಗೆಮನೆಗೆ ಕೆಂಪು ಗಾರೆ ನೆಲ. ಆ ನೆಲದ ಮೇಲೆ ಸ್ಟೋರ್ ರೂಮಿನಿಂದ ಕಿಟಕಿಯವರೆಗೆ ಬಿಳೀ ಗೀರುಗಳು. ಗ್ರೈಂಡರ್ ಟೇಬಲ್ಲು ಎಳೆದು ಎಳೆದು ಬಿದ್ದವು. ಟೇಬಲ್ಲು ಒಂದಿಂಚಿನ ಚೌಕ ಕಬ್ಬಿಣದ ಪೈಪಿನದು. ಕಾಲಿನ ತುದಿಯ ಕಪ್ಪು ಬುಷ್‌ಗಳು ಸವೆದು ಯಾವತ್ತೋ ಉದುರಿಹೋಗಿದ್ದವು. ಪ್ಲಗ್ ಪಾಯಿಂಟ್ ಇರೋದು ಕಿಟಕಿ ಹತ್ತಿರ ಮಾತ್ರ. ಹಾಗಾಗಿ ದೋಸೆಗೆ ರುಬ್ಬುವ ದಿನ ಅಮ್ಮ ಕಾಲುಗಳ ಕೆಳಗೆ ಗೋಣಿಚೀಲ ತೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೇಬಲ್ಲನ್ನು ದರದರ ಎಳೆಯುತ್ತಿದ್ದಳು. ವಯಸ್ಸು 68.

"ಗಾಲಿ ಹಾಕಿಸೋಣ" ಅಂದೆ. "ಹಾಕ್ಸು, ನನ್ನ ಗ್ರೈಂಡರ್ ಬೀಳಿಸ್ಬೇಡ ಕಣೇ ಅಷ್ಟೆ" ಅಂದಳು.

ಅಶೋಕ ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ಕೇಳಿದ್ದು ತೂಕ. ಗ್ರೈಂಡರು 15 ಕೆಜಿ, ಕೆಳಗಿನ ಹಲಗೆಯ ಡಬ್ಬಗಳು, ಟೇಬಲ್ಲು ಎಲ್ಲಾ ಸೇರಿ ಸುಮಾರು 45 ಅಂದೆ. "ನಾಲ್ಕರಿಂದ ಭಾಗಿಸ್ಬೇಡಿ ಮೇಡಂ, ಮೂರರಿಂದ ಭಾಗಿಸಿ. ನೆಲ ಎಲ್ಲಿ ಸಮ ಇರುತ್ತೆ? ಯಾವಾಗ್ಲೂ ಒಂದು ಗಾಲಿ ಗಾಳೀಲಿ ಇರುತ್ತೆ." ಲೆಕ್ಕ 15 ಕೆಜಿಗೆ ಬಂತು. ಅದಕ್ಕಿಂತ ಡಬಲ್ ತಡೆಯೋದು ಕೊಟ್ಟರು. ನೈಲಾನ್ ಗಾಲಿ ಅಗ್ಗ, ಆದರೆ ಗಟ್ಟಿ, ಗಾರೆ ನೆಲದ ಮೇಲೆ ಗಡಗಡ ಅನ್ನುತ್ತೆ. ರಬ್ಬರಿನದೇ ತಗೊಂಡೆ. ಎರಡಕ್ಕೆ ಲಾಕು, ಇನ್ನೆರಡಕ್ಕೆ ಇಲ್ಲ. ಪ್ರತಿ ಗಾಲಿಯ ತಲೆಯಲ್ಲಿ 10 ಎಂಎಂ ಬೋಲ್ಟು.

ಗಾಲಿ ಸಿಕ್ಕಿತು. ಅದನ್ನು ಟೊಳ್ಳು ಪೈಪಿಗೆ ಕೂರಿಸೋದು ಹೇಗೆ? ಪೈಪಿನ ಗೋಡೆ ಒಂದು ಎಂಎಂಗಿಂತ ಚೂರು ದಪ್ಪ, ಒಳಗೆಲ್ಲ ಬರೀ ಗಾಳಿ. ಇದಕ್ಕೆಂದೇ ರಬ್ಬರಿನ ಒಂದು ತುಂಡು ಬರುತ್ತೆ. ಪೈಪಿನೊಳಗೆ ತೂರಿಸಿ ನಟ್ ತಿರುಗಿಸಿದರೆ ರಬ್ಬರು ಅದುಮಿ ಉಬ್ಬಿಕೊಂಡು ಒಳಗೋಡೆಯನ್ನು ಕಚ್ಚುತ್ತೆ. ಅಂಗಡಿಯಲ್ಲಿ ಇದ್ದದ್ದು ದುಂಡು ಪೈಪಿನದು. ನನ್ನದು ಚೌಕ.

ಸರಿ, ಮರದ ಬೆಣೆ ಹೊಡೆದರಾಯ್ತು ಅಂದುಕೊಂಡೆ. ಹಳೇ ಕಿಟಕಿ ಚೌಕಟ್ಟಿನ ತುಂಡು ಮನೆಯಲ್ಲಿತ್ತು. ಒಳಗಿನ ಅಳತೆ ಹಿಡಿದು ನಾಲ್ಕು ಬೆಣೆ ಕೆತ್ತಿದೆ. ಮೊದಲನೆಯದೇ ಅರ್ಧಕ್ಕೆ ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ, ಪೈಪಿನ ಒಳಗೆ ಒಂದು ಮೂಲೆಯ ಪಕ್ಕ ಇರುವೆ ಸಾಲಿನಷ್ಟು ಸಣ್ಣ ಏಣು ಉದ್ದಕ್ಕೂ ಹೋಗಿದೆ. ತಗಡನ್ನು ಮಡಿಸಿ ಬೆಸೆಯುವಾಗ ಒಳಗೆ ಉಳಿದ ಬೆಸುಗೆ. ಹೊರಗಡೆ ನಯ ಮಾಡಿರುತ್ತಾರೆ, ಒಳಗೆ ಯಾರು ನೋಡ್ತಾರೆ ಅಂತ ಬಿಟ್ಟಿರುತ್ತಾರೆ. ಬೆಣೆಗೆ ಅಲ್ಲೊಂದು ಉದ್ದ ಕಚ್ಚು ಕೊರೆದೆ. ಬಡಿದೆ. ಕೂತಿತು. ನಡುವೆ ತೂತು ಹಾಕಿ ಬೋಲ್ಟು ತಿರುಗಿಸಿದೆ. ಕಿಟಕಿಯಿಂದ ಸ್ಟೋರಿನವರೆಗೆ ಬೆರಳಲ್ಲಿ ನೂಕಿ ತೋರಿಸಿದಾಗ ನನ್ನ ಜಂಭ ನೋಡಬೇಕಿತ್ತು.

ಹನ್ನೊಂದು ದಿನ. ಸ್ಟೋರಿಗೆ ಅರ್ಧ ಇಂಚಿನ ಹೊಸ್ತಿಲಿದೆ. ಅದಕ್ಕೆ ಗಾಲಿ ಡಿಕ್ಕಿ ಹೊಡೆದು, ಬೆಣೆ ಸೀಳಿ, ಟೇಬಲ್ಲು ಒಂದು ಕಡೆ ಕುಸಿಯಿತು. ಗ್ರೈಂಡರನ್ನು ಅಮ್ಮ ತಬ್ಬಿಕೊಂಡು ಹಿಡಿದಳು. ಮಾತಾಡಲಿಲ್ಲ. ಅದೇ ಜಾಸ್ತಿ ಭಯ.

ಟೇಬಲ್ಲನ್ನು ಆಟೋದಲ್ಲಿ ಹಾಕಿಕೊಂಡು ವೆಲ್ಡಿಂಗ್ ಶೆಡ್ಡಿಗೆ ಹೋದೆ. ಆಯುಧಪೂಜೆ ಮುಗಿದು ವಾರವಾಗಿತ್ತು, ಮಷಿನ್‌ಗಳ ಮೇಲೆ ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು. ಸೀಳಿದ ಬೆಣೆ ನೋಡಿ ವೆಲ್ಡರ್ ನಕ್ಕರು. "ಅಕ್ಕಾ, ಭಾರ ಮೇಲಿಂದ ಬಂದ್ರೆ ಮರ ತಡೆಯುತ್ತೆ. ಗಾಲಿ ಕಾಲನ್ನ ಅಡ್ಡಕ್ಕೆ ಮೀಟುತ್ತೆ. ಅದಕ್ಕೆ ಕಬ್ಬಿಣವೇ ಬೇಕು."

ಅವರು ದಪ್ಪ ಪಟ್ಟಿಯಿಂದ ಒಂದಿಂಚಿನ ನಾಲ್ಕು ಬಿಲ್ಲೆ ಕತ್ತರಿಸಿ ತೂತು ಹಾಕಿದರು. ಪ್ರತಿ ಬಿಲ್ಲೆಯ ಬೆನ್ನಿಗೂ ಒಂದು ನಟ್ ಬೆಸೆದರು. ಬೆಸೆಯುವ ಮುಂಚೆ ನಟ್‌ಗೆ ಹಳೇ ಬೋಲ್ಟು ತಿರುಗಿಸಿಟ್ಟರು, ಕಿಡಿ ಸಿಡಿದು ಒಳಗಿನ ಮರೆ (ಥ್ರೆಡ್ಡು) ಹಾಳಾಗಬಾರದು ಅಂತ. ಕಾಲಿನ ತುದಿಯ ಪೇಂಟನ್ನು ಉಜ್ಜಿ ತೆಗೆದರು. ನಟ್ ಪೈಪಿನೊಳಗೆ, ಬಿಲ್ಲೆ ಮುಚ್ಚಳದ ಹಾಗೆ. ಬೆಸೆಯೋಕೆ ಮುಂಚೆ ಒಂದು ಪ್ರಶ್ನೆ: "ಗಾಲಿಯಿಂದ ಟೇಬಲ್ಲು ಎರಡೂಮುಕ್ಕಾಲು ಇಂಚು ಎತ್ತರ ಆಗುತ್ತಲ್ಲ, ಕಾಲು ಅಷ್ಟು ಕತ್ತರಿಸ್ಲಾ?"

ಆ ಹನ್ನೊಂದು ದಿನವೂ ಅಮ್ಮ ಹಿಮ್ಮಡಿ ಎತ್ತಿಕೊಂಡು ಹಿಟ್ಟು ತೋಡುತ್ತಿದ್ದದ್ದು ಆಗ ಹೊಳೆಯಿತು. ಫೋನ್ ಮಾಡಿದೆ. "ಕತ್ತರಿಸ್ಲಿ. ಮೊದಲು ಎಷ್ಟಿತ್ತೋ ಅಷ್ಟಿರ್ಲಿ" ಅಂದಳು.

ಈಗ ಟೇಬಲ್ಲು ಹೊಸ್ತಿಲಿಗೆ ಬಡಿದರೂ ಜಗ್ಗಲ್ಲ. ಆದರೆ ಲಾಕು ತಡೆಯೋದು ಗಾಲಿ ಉರುಳೋದನ್ನ ಮಾತ್ರ, ಗಾಲಿಯ ದಿಕ್ಕು ಬದಲಿಸೋ ತಿರುಗಣೆ ತಿರುಗೋದನ್ನಲ್ಲ. ಎರಡನ್ನೂ ತಡೆಯೋ ಲಾಕು ಬೇರೆ ಬರುತ್ತೆ, ದುಡ್ಡು ಜಾಸ್ತಿ ಅಂತ ನಾನು ತಂದಿರಲಿಲ್ಲ. ಕಲ್ಲು ತಿರುಗೋಕೆ ಶುರುವಾದರೆ ಟೇಬಲ್ಲು ಸಣ್ಣಗೆ ತೂಗಾಡುತ್ತೆ.

ಮೊನ್ನೆ ಶನಿವಾರ ಅಡುಗೆಮನೆಗೆ ಹೋದೆ. ಟೇಬಲ್ಲು ಕಿಟಕಿ ಹತ್ತಿರ ಅಲ್ಲಾಡದೆ ನಿಂತಿತ್ತು, ಕಲ್ಲು ತಿರುಗುತ್ತಿತ್ತು. ಬಗ್ಗಿ ನೋಡಿದರೆ ನಾಲ್ಕು ಗಾಲಿಗಳ ಕೆಳಗೂ ಅದೇ ಗೋಣಿಚೀಲ, ನಾಲ್ಕು ಮಡಿಕೆ.