ಯಾವ ಮುಖದಮ್ಮ ಅದು?

ಈ ವಾರ ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಗಾಜಿನ ಸ್ಲೈಡಿನ ಮೇಲ್ಪದರದಲ್ಲಿ ಬೆಳಕು ಹರಿಸುವ ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿ ಸ್ಲೈಡನ್ನು ಬೆಳಕಿಗೆ ಹಿಡಿದು, "ಸರ್, ಮತ್ತೆ ಹಳದಿ ಬಂತು, ಬೆಳಕು ಹೋಗ್ತಾನೇ ಇಲ್ಲ. ಟೆಂಪರೇಚರ್ ಜಾಸ್ತಿ ಆಗಿರ್ಬೇಕು" ಅಂದಳು. ಗೈಡ್ ಕೇಳಿದ್ದು ಇಷ್ಟೇ: "ಪ್ರಿಸಂ ಒತ್ತಿದ್ದು ಯಾವ ಮುಖಕ್ಕಮ್ಮ? ತವರದ್ದಕ್ಕಾ?"

ಅವಳ ಲೆಕ್ಕ ಸರಿಯಾಗೇ ಇತ್ತು. 100 ಗ್ರಾಂ ಸೋಡಿಯಂ ನೈಟ್ರೇಟಿಗೆ 2 ಗ್ರಾಂ ಸಿಲ್ವರ್ ನೈಟ್ರೇಟ್, ಅಂದರೆ ಸುಮಾರು 1 ಮೋಲ್ ಶೇಕಡಾ. ಶಾಖ 330 ಡಿಗ್ರಿ ಸೆಲ್ಸಿಯಸ್. ಹೀಗೆ ಕರಗಿದ ಲವಣದಲ್ಲಿ ಸ್ಲೈಡನ್ನು ಮುಳುಗಿಸಿದರೆ ಗಾಜಿನ ಸೋಡಿಯಂ ಅಯಾನು ಹೊರಬಂದು ಆ ಜಾಗಕ್ಕೆ ಬೆಳ್ಳಿಯದು ಸೇರುತ್ತದೆ. ಮೇಲ್ಪದರದ ವಕ್ರೀಭವನ ಸೂಚ್ಯಂಕ ಏರಿ, ಗಾಜಿಗೆ ಒತ್ತಿದ ಪ್ರಿಸಂ ಮೂಲಕ ಬಿಟ್ಟ ಬೆಳಕು ಆ ಕೆಲವೇ ಮೈಕ್ರಾನ್ ಪದರದೊಳಗೆ ಹರಿಯುತ್ತದೆ.

ತೊಡಕಿದ್ದದ್ದು ಗಾಜಿನಲ್ಲಿ. ಸ್ಲೈಡಿನದು ಫ್ಲೋಟ್ ಗಾಜು. ಅದನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ, ಕೆಳಮುಖದಲ್ಲಿ ಒಂದಿಷ್ಟು ತವರ ಉಳಿಯುತ್ತದೆ. ಒಳಬಂದ ಬೆಳ್ಳಿ ಅಯಾನಿಗೆ ಅದು ಎಲೆಕ್ಟ್ರಾನ್ ಕೊಟ್ಟು ಲೋಹದ ಕಣವಾಗಿಸುತ್ತದೆ. ಆ ಕಣಗಳು ನೇರಳೆ-ನೀಲಿ ಬೆಳಕನ್ನು ಹೀರುವುದರಿಂದಲೇ ಹಳದಿ. ಎರಡೂ ಮುಖ ಮುಳುಗುವುದರಿಂದ ಬಣ್ಣ ಹೇಗೂ ಬರುತ್ತದೆ, ಅಳೆಯುವ ಮುಖ ಯಾವುದು ಅನ್ನುವುದೇ ಮುಖ್ಯ.

ಉತ್ತರ ಸಿಕ್ಕಿದ್ದು ಕೆಮಿಸ್ಟ್ರಿಯವರ ಯುವಿ (ನೇರಳಾತೀತ) ಲ್ಯಾಂಪಿನಲ್ಲಿ. ಕಣ್ಣಿಗೆ ಕನ್ನಡಕ ಹಾಕಿ, ಕತ್ತಲಲ್ಲಿ 254 ನ್ಯಾನೋಮೀಟರ್ ಬೆಳಕು ಓರೆಯಾಗಿ ಬಿಟ್ಟರೆ ತವರದ ಮುಖ ಮಂಜು ಮಂಜಾಗಿ ಬೆಳಗಿತು. 365ರಲ್ಲಿ ಇದು ಕಾಣುವುದಿಲ್ಲ. ಅದೇ ಸ್ಲೈಡನ್ನು ಮಗುಚಿ ಪ್ರಿಸಂ ಒತ್ತಿದಾಗ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಗೆರೆ ಗಾಜಿನುದ್ದಕ್ಕೂ ಓಡಿತು. ಆ ಹುಡುಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಯಾವ ಮುಖಕ್ಕಮ್ಮ?" ಬೈಯದೆ, ತಪ್ಪು ಎತ್ತಿ ಆಡದೆ ಹೀಗೆ ಕೇಳುವ ಮೇಷ್ಟ್ರು ಅಪರೂಪ. ಅಲ್ಲಿನ ಅಟೆಂಡರೂ ಅಂಥವರೇ: ಒಣಗಿದ ಸ್ಲೈಡನ್ನು ಕರಗಿದ ಲವಣದ ಮೇಲೆ ತೂಗುಹಾಕಿ ಬಿಸಿ ಮಾಡದೆ ಒಳಗೆ ಇಳಿಸಲು ಬಿಡುವುದಿಲ್ಲ. ತಣ್ಣಗಿದ್ದರೆ ಗಾಜು ಬಿರಿಯುತ್ತದೆ, ಒದ್ದೆಯಿದ್ದರೆ ಲವಣ ಮೈಮೇಲೆ ಸಿಡಿಯುತ್ತದೆ. ಇವರ ತಿಳಿವಳಿಕೆ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇರುವುದಿಲ್ಲ. ಅಲ್ಲಿ ಶಾಖ, ಸಮಯ, ಸೂತ್ರ. ಗಾಜಿನ ಬಗ್ಗೆ "ಸೋಡಾ ಲೈಮ್ ಸ್ಲೈಡ್" ಅಂತ ಎರಡು ಮಾತು. ವೈವಾದಲ್ಲೂ ಕೇಳುವುದು ಸೂತ್ರವನ್ನೇ. ಹೀಗಾಗಿ ಮುಂದಿನ ಬ್ಯಾಚಿನವರು ಮತ್ತೆ ಶಾಖ ಇಳಿಸುತ್ತ ಕೂರುತ್ತಾರೆ, ಅದೂ 307 ಡಿಗ್ರಿಯ ಹತ್ತಿರ ಹೋದರೆ ಲವಣವೇ ಹೆಪ್ಪುಗಟ್ಟುತ್ತದೆ.

ರಿಪೋರ್ಟಿನಲ್ಲಿ ಮುಖ ಯಾವುದೆಂದು ಬರೆಯಲೇಬೇಕು. ಗುರುತಿಗೆ ಮಾರ್ಕರ್ ಬೇಡ, ಆ ಬಿಸಿಗೆ ಉಳಿಯುವುದಿಲ್ಲ. ತೊಳೆಯುವ ಮೊದಲೇ ತವರದ ಮುಖದ ಮೂಲೆಯಲ್ಲಿ ವಜ್ರದ ಮೊನೆಯಿಂದ ಒಂದು ಗೀರು ಎಳೆದರಾಯಿತು.